ವೇಲ್ಸಿನ ಬಿಳಿ ಹೋರಿಯ ಹಣೆಗೆ ಹಚ್ಚಿದ ಅರಿಶಿನ

ಕೇಳಿರಿ, ಶರಣಬಂಧುಗಳೇ! ಕೈಯೊಳಗಿನ ಕೆಲಸವನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು, ತಾಯಂದಿರೂ ಅಣ್ಣಂದಿರೂ ಹತ್ತಿರ ಸರಿದು ಕೇಳಿರಿ. ವುಲ್ವರ್‌ಹ್ಯಾಂಪ್ಟನ್ನಿನ ಒಬ್ಬ ಹೆಣ್ಣುಮಗಳು ಭಕ್ತಿಯ ಭರದಲ್ಲಿ ಪರರ ಹೋರಿಗೆ ಪೂಜೆ ಸಲ್ಲಿಸಿ, ಪರರ ಬಾಳಿನ ಆಸೆಯೊಂದನ್ನು ತನ್ನ ಬೆರಳ ತುದಿಯಿಂದಲೇ ಕೆಡಿಸಿಬಿಟ್ಟೆನೆಂದು ನಡುಗಿದ ಕಥೆ ಇದು. ಶಿವನ ಕರುಣೆ ದೊಡ್ಡದು. ಕೊನೆಗೆ ಆ ತಾಯಿಯ ಎದೆ ಹಗುರವಾಯಿತು. ಕೇಳಿದ ನಿಮ್ಮ ಎದೆಯೂ ಹಗುರವಾಗಲಿ.

ದಾಕ್ಷಾಯಣಿಯವರು ಬಾಗಲಕೋಟೆ ಸೀಮೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದರು. ಪತಿ ಕರಬಸಪ್ಪನವರು ಮೂಳೆಯ ವೈದ್ಯರು, ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಅವರು ಯಾವ ದಿನ ಮನೆಯಲ್ಲಿರಬೇಕು, ಯಾವ ಹಬ್ಬದಂದು ಆಸ್ಪತ್ರೆಯಲ್ಲಿರಬೇಕು ಎಂಬುದನ್ನು ಪಂಚಾಂಗ ಹೇಳುತ್ತಿರಲಿಲ್ಲ, ಆಸ್ಪತ್ರೆಯ ರೋಟಾ ಎಂಬ ಪಾಳಿಪಟ್ಟಿ ಹೇಳುತ್ತಿತ್ತು. ಹೀಗಾಗಿ ಹಬ್ಬಗಳೆಲ್ಲ ದಾಕ್ಷಾಯಣಿಯವರ ಪಾಲಿಗೆ ಒಂಟಿ ಹಬ್ಬಗಳೇ ಆದವು. ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಮೊದಲ ವರ್ಷ ಹಿತ್ತಿಲನ್ನು ಅಗೆದು ನೋಡಿದರು. ಆ ಮಣ್ಣು ಮುಷ್ಟಿಗೆ ಒಗ್ಗದೆ ಪುಡಿಪುಡಿಯಾಯಿತು. ಮರುವರ್ಷದಿಂದ ಮಕ್ಕಳು ಆಡುವ ಪ್ಲಾಸ್ಟಿಸಿನ್ ಎಂಬ ಮೆತ್ತನೆಯ ಬಣ್ಣದ ಮಣ್ಣು ತಂದು, ಅದರಲ್ಲೇ ಜೋಡೆತ್ತು ಮಾಡಿ, ಗ್ಯಾಸ್ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಪೂಜಿಸಿದರು. ಒಮ್ಮೆ ಚಿಕ್ಕವಳಾಗಿದ್ದ ಮಗಳು ನಿವೇದಿತಾ ಒಂದು ಎತ್ತಿಗೆ ನೀಲಿ ಬಾಲ ಅಂಟಿಸಿದಳು. ತಾಯಿ ಬೈಯಲಿಲ್ಲ. ನೀಲಕಂಠನ ವಾಹನ, ಬಾಲಕ್ಕೂ ಸ್ವಲ್ಪ ನೀಲಿ ಇರಲಿ ಎಂದುಕೊಂಡು ಆ ಎತ್ತಿಗೂ ಕಡುಬಿನ ನೈವೇದ್ಯ ಹಿಡಿದರು. ಆದರೆ ಒಳಗೊಳಗೇ ಒಂದು ಹಸಿವು ಉಳಿದೇ ಇತ್ತು: ಬಿಸಿಯುಸಿರಿನ, ಮೈ ಜುಮ್ಮೆನ್ನುವ, ನಿಜವಾದ ಬಸವಣ್ಣನನ್ನು ಮುಟ್ಟಿ ನಮಸ್ಕರಿಸಬೇಕೆಂಬ ಹಸಿವು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅವರು ಒಬ್ಬ ಜಿ.ಪಿ.ಯ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ವೈದ್ಯರ ದವಾಖಾನೆಯಲ್ಲಿ, ಮುಂಗಟ್ಟೆಯ ಕೆಲಸಕ್ಕೆ ಸೇರಿದರು. ಟೆಲಿಫೋನು ಎತ್ತುವುದು, ಹೆಸರು ಪೋಸ್ಟ್‌ಕೋಡು ಕೇಳುವುದು, ಮೈಸರಿಯಿಲ್ಲದವರ ಸಿಡಿಮಿಡಿಗೆ ನಗುಮುಖ ಕೊಡುವುದು. ಅಲ್ಲಿಗೆ ರಕ್ತದೊತ್ತಡ ನೋಡಿಸಿಕೊಳ್ಳಲು ಬರುತ್ತಿದ್ದ ಮುದುಕಿ ಮಿಸೆಸ್ ಪ್ರೈಸ್. ಹುಟ್ಟಿದ್ದು ವೇಲ್ಸಿನಲ್ಲಿ, ಬಾಳಿದ್ದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ಮಾತಿನಲ್ಲಿ ಮಾತ್ರ ತೌರನ್ನು ಬಿಟ್ಟುಕೊಟ್ಟವರಲ್ಲ. ಒಂದು ದಿನ ದಾಕ್ಷಾಯಣಿಯವರ ಮುಖ ಬಾಡಿರುವುದನ್ನು ಕಂಡು ಕೇಳಿದರು:

"ಏನಮ್ಮಾ, ಇವತ್ತು ನನ್ನ ಬಿ.ಪಿ. ನಿನಗೆ ಬಂದ ಹಾಗಿದೆ?"

"ಊರಲ್ಲಿ ಹಬ್ಬ, ಮಿಸೆಸ್ ಪ್ರೈಸ್. ನಾನಿಲ್ಲಿ."

"ಅಷ್ಟೇನಾ? ನಿನ್ನ ಊರು ದೂರ. ನನ್ನ ಊರು ಹತ್ತಿರ. ನನ್ನೂರಿನ ಹಬ್ಬಕ್ಕೆ ಬಂದು ಅಳು. ಅಲ್ಲಿ ಜೊತೆಗೆ ಹಾಡಾದರೂ ಇರುತ್ತದೆ!"

ಹೀಗೆ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಆ ಮನೆಯವರ ವೇಲ್ಸ್ ಯಾತ್ರೆ ಶುರುವಾಯಿತು. ಮಾರ್ಚಿ ತಿಂಗಳು ಹುಟ್ಟುತ್ತಲೇ ಅಲ್ಲಿನ ಸಂತನಾದ ಡೇವಿಡ್ಡನ ಹಬ್ಬ. ಮಕ್ಕಳು ಎದೆಯ ಮೇಲೆ ಹಳದಿ ಹೂ ಸಿಕ್ಕಿಸಿಕೊಂಡು ಬೀದಿಯಲ್ಲಿ ಹಾಡುತ್ತ ಸಾಗುವ ಸೊಗಸೇ ಸೊಗಸು. ಜುಲೈ ತಿಂಗಳಲ್ಲಿ ಲಾಂಗೊಲೆನ್ ಎಂಬ ಪುಟ್ಟ ಊರು. ಬಂಡೆಗಳ ನಡುವೆ ಹಾರಿ ಹರಿಯುವ ಹೊಳೆ, ದೇಶದೇಶಗಳಿಂದ ಬಂದ ಗಾಯಕರು ತಮ್ಮತಮ್ಮ ಉಡುಗೆಯಲ್ಲೇ ಸೇತುವೆಯ ಮೇಲೆ ನಿಂತು ಹಾಡುತ್ತಿದ್ದರೆ ಯಾವುದು ನೀರಿನ ದನಿ, ಯಾವುದು ಕಂಠದ ದನಿ ತಿಳಿಯದು. ಆಗಸ್ಟಿನಲ್ಲಿ ಐಸ್ಟೆಡ್‌ವಡ್ ಎಂಬ ಕವಿಗಳ ಮಹೋತ್ಸವ. ಅದಕ್ಕೆ ಸ್ವಂತ ಊರಿಲ್ಲ. ಜಂಗಮನಂತೆ ಒಂದು ವರ್ಷ ಒಂದೂರು, ಮರುವರ್ಷ ಇನ್ನೊಂದೂರು.

ಬಾಲಾ ಎಂಬ ಊರಿನಲ್ಲಿ ಆ ಉತ್ಸವ ನಡೆದ ವರ್ಷ ಮಿಸೆಸ್ ಪ್ರೈಸ್ ಇವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಎಲ್ಲವನ್ನೂ ಪಿಸುದನಿಯಲ್ಲಿ ವಿವರಿಸಿದರು. ಗೆದ್ದ ಕವಿಯನ್ನು ಪೀಠದ ಮೇಲೆ ಕೂರಿಸುವ ಮುನ್ನ ಅವನ ತಲೆಯ ಮೇಲೆ ಒಂದು ದೊಡ್ಡ ಖಡ್ಗವನ್ನು ಒರೆಯಿಂದ ಅರ್ಧ ಎಳೆಯುತ್ತಾರೆ. ಹಿರಿಯನೊಬ್ಬ ಸಭೆಯನ್ನು ಕೇಳುತ್ತಾನೆ: "ಆ ಓಯ್ಸ್ ಹೆದುಖ್?" ಶಾಂತಿ ಇದೆಯೇ ಎಂದು ಅದರ ಅರ್ಥ. ಸಭೆಯೆಲ್ಲ ಒಂದೇ ಕೊರಳಿನಿಂದ "ಹೆದುಖ್!" ಎನ್ನುತ್ತದೆ. ಶಾಂತಿ ಇದೆ! ಮೂರು ಸಲ ಕೇಳಿ, ಮೂರು ಸಲ ಉತ್ತರ ಬಂದ ಮೇಲೆಯೇ ಖಡ್ಗ ಒರೆಗೆ ಸೇರುತ್ತದೆ. ದಾಕ್ಷಾಯಣಿಯವರಿಗೆ ಮೈ ನವಿರೆದ್ದಿತು. ಖಡ್ಗವನ್ನು ಒಳಗಿಡುವುದಕ್ಕೂ ಎಲ್ಲರ ಒಪ್ಪಿಗೆ ಕೇಳುವ ಜನ ಇವರು ಎಂದು ಮನಸ್ಸಿನಲ್ಲೇ ಕೈಮುಗಿದರು. ಆ ಎರಡು ಮಾತುಗಳನ್ನು ಬಾಯಿಪಾಠ ಮಾಡಿಕೊಂಡೇ ಮನೆಗೆ ಬಂದರು.

ಇನ್ನು ಉಳಿದದ್ದು ರಾಯಲ್ ವೆಲ್ಷ್ ಶೋ, ದನಕರುಗಳ ಮಹಾಮೇಳ. ಜುಲೈ ಕೊನೆಗೆ ಬಿಲ್ತ್ ವೆಲ್ಸ್ ಎಂಬ ಊರ ಮಗ್ಗುಲಲ್ಲಿ ನಡೆಯುತ್ತದೆ. ಅದಕ್ಕೆ ಹೋಗಬೇಕೆಂದುಕೊಂಡ ವರ್ಷವೇ, ಅಂದರೆ ಎರಡು ಸಾವಿರದ ಒಂದರಲ್ಲಿ, ಕಾಲುಬಾಯಿ ರೋಗ ಬಂದು ಮೇಳ ರದ್ದಾಯಿತು. ದೂರದರ್ಶನದಲ್ಲಿ ದನಗಳ ಚಿತೆಗಳ ಹೊಗೆ ಕಂಡು ದಾಕ್ಷಾಯಣಿಯವರು ಊಟ ಬಿಟ್ಟೆದ್ದಿದ್ದರು. ಎರಡು ವರ್ಷ ಕಳೆದು, ಮತ್ತೆ ಜುಲೈ ಬಂದಾಗ, ಮೇಳದ ಮೊದಲ ದಿನ ಸೋಮವಾರವಾಗಿತ್ತು. ಶಿವನ ವಾರ. ಆ ದಿನ ರೋಟಾ ಕೂಡ ಕರಬಸಪ್ಪನವರನ್ನು ಬಿಟ್ಟುಕೊಟ್ಟಿತು. ಚಿತ್ರಾನ್ನ, ಮೊಸರು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೂವರೂ ಕಾರಿನಲ್ಲಿ ಹೊರಟರು.

ಮೇಳದ ಕೊಟ್ಟಿಗೆಗೆ ಕಾಲಿಟ್ಟದ್ದೇ ತಡ, ದಾಕ್ಷಾಯಣಿಯವರು ನಿಂತಲ್ಲೇ ನಿಂತುಬಿಟ್ಟರು. ಹುಲ್ಲಿನ ವಾಸನೆ, ಸಗಣಿಯ ವಾಸನೆ, ಗಂಗಾಳದಂಥ ಕಣ್ಣುಗಳ ಸಾಲು!

"ಅಯ್ಯ ಶಿವನ, ಎಷ್ಟ ಚೆಂದ ತೊಳದಾರಿ ಇವನ್ನ! ನಮ್ಮ ನಿವೇದಿತಾಳ ತಲಿನೂ ಇಷ್ಟ ಚೆಂದ ಬಾಚಿಲ್ಲ ನಾನು."

"ಬಾಚಾಕ ಅಕಿ ನಿಂತಿದ್ದರ ತಾನ?" ಎಂದು ಕರಬಸಪ್ಪನವರು ನಕ್ಕರು. "ನೀವು ನೋಡಕೋತ ಇರ್ರಿ. ನಾನು ಕಾರಿನಿಂದ ಬುತ್ತಿ ತರತೇನಿ."

ಮಗಳು ಫೋನಿನಲ್ಲಿ ಮುಳುಗಿ ಹಿಂದುಳಿದಳು. ತಾಯಿ ಒಬ್ಬರೇ ಮುಂದೆ ನಡೆದರು. ಆ ಸಾಲಿನ ಕೊನೆಯಲ್ಲಿ ಅವನು ಹಗ್ಗ ಕಟ್ಟಿಸಿಕೊಂಡು ನಿಂತಿದ್ದ. ಶಾರೊಲೇ ತಳಿಯ ಎಳೆಯ ಹೋರಿ, ಹಾಲಿನ ಕೆನೆಯ ಬಣ್ಣ, ಗೂಳಿಯ ಭುಜ, ಮಗುವಿನ ಮುಖ. ಹತ್ತಿರ ಯಾರೂ ಇರಲಿಲ್ಲ. ಅವನು ತಲೆಯೆತ್ತಿ, ಉದ್ದವಾಗಿ ಉಸಿರುಬಿಟ್ಟು, ದಾಕ್ಷಾಯಣಿಯವರ ಅಂಗೈಯನ್ನು ಮೂಸಿದ. ಬಿಸಿಯುಸಿರು! ಇಪ್ಪತ್ತು ವರ್ಷ ಪ್ಲಾಸ್ಟಿಸಿನ್ ಎತ್ತಿಗೆ ಕೈಮುಗಿದ ಜೀವ ಅದು. ಸೋಮವಾರದ ದಿನ ಬಸವಣ್ಣನೇ ಎದುರು ನಿಂತಿದ್ದಾನೆ, ಹಣೆ ಬರಿದಾಗಿದೆ. ಇನ್ನು ಯೋಚಿಸುವುದೇನಿತ್ತು? ಚೀಲದಿಂದ ಅರಿಶಿನ ಕುಂಕುಮದ ಬಟ್ಟಲು ಹೊರಬಂತು. ಬಾಟಲಿಯ ನೀರನ್ನು ಎರಡು ಹನಿ ಬೆರೆಸಿ, ಅರಿಶಿನ ಕಲಸಿ, ಆ ಬಿಳಿಯ ಹಣೆಯ ತುಂಬ ಬಳಿದು, ನಡುವೆ ಕುಂಕುಮವಿಟ್ಟು, ಕಣ್ಣುಮುಚ್ಚಿ ಕೈಮುಗಿದರು. ಹೋರಿ ಅಲುಗಾಡಲಿಲ್ಲ.

"ಹಿಂದಕ್ಕೆ ಸರಿಯಮ್ಮಾ! ಹಿಂದಕ್ಕೆ! ಅದು ಹೋರಿ!"

ಕೂಗಿದವನು ಅದರ ಒಡೆಯ ಗ್ವಿಲಿಮ್. ಕೈಯಲ್ಲಿ ಎರಡು ಚಹದ ಲೋಟ, ಗಾಬರಿಯಲ್ಲಿ ಅರ್ಧ ಚಹ ಅಂಗಿಯ ಮೇಲೆ.

"ಹೋರಿ ಅಂತ ಗೊತ್ತಿದ್ದೇ ಹಚ್ಚಿದ್ದು," ಎಂದರು ದಾಕ್ಷಾಯಣಿ, ಇನ್ನೂ ಭಕ್ತಿಯ ಮಂಪರಿನಲ್ಲೇ.

"ಏನು ಹಚ್ಚಿದ್ದು?"

ಅವನು ಹೋರಿಯ ಮುಖ ನೋಡಿದ. ಚಹದ ಲೋಟಗಳನ್ನು ನೆಲಕ್ಕಿಟ್ಟ. ಅಷ್ಟರಲ್ಲಿ ಬಿಳಿಯ ಕೋಟು ತೊಟ್ಟ ಅವನ ಮಗಳು ನೆರಿಸ್ ಓಡಿಬಂದಳು. ಹೋರಿಯನ್ನು ಸ್ಪರ್ಧೆಯ ಅಂಗಳದಲ್ಲಿ ತೀರ್ಪುಗಾರರ ಮುಂದೆ ಹಿಡಿದು ನಡೆಸಬೇಕಾದವಳು ಅವಳೇ. "ಅಪ್ಪಾ, ನಮ್ಮ ಸರದಿ ಬಂತು, ಮುಂದಿನದೇ..." ಎನ್ನುತ್ತಿದ್ದವಳು ಹೋರಿಯ ಹಣೆ ಕಂಡು, ಸೋಪಿನ ನೀರಿನ ಬಕೆಟ್ಟಿಗೆ ಸ್ಪಂಜು ಅದ್ದಿದಳು.

"ಸೋಪು ಬೇಡ! ತಂಗೀ, ಸೋಪು ಬೇಡ!" ದಾಕ್ಷಾಯಣಿಯವರು ಚೀರಿದರು.

ತಡವಾಗಿತ್ತು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಹಬ್ಬದ ಸೀರೆ ಒಗೆದ ಪ್ರತಿಯೊಬ್ಬ ತಾಯಿಗೂ ಗೊತ್ತು. ಹಳದಿ ಇದ್ದದ್ದು ಕೆಂಪಾಯಿತು. ಉಜ್ಜಿದಷ್ಟೂ ಹರಡಿ, ಎಳೆಯ ಹೋರಿ ಹಣೆಯೊಡೆದುಕೊಂಡು ಬಂದಂತೆ ಕಾಣತೊಡಗಿತು. ಸುತ್ತಲಿನವರು ತಿರುಗಿ ನೋಡಿದರು.

"ಅಮ್ಮಾ, ವಾಟ್ ಹ್ಯಾವ್ ಯೂ ಡನ್?" ಹಿಂದಿನಿಂದ ಬಂದ ನಿವೇದಿತಾ ತಾಯಿಯ ತೋಳು ಹಿಡಿದೆಳೆದಳು. "ಯೂ ಕಾಂಟ್ ಜಸ್ಟ್ ಟಚ್ ಪೀಪಲ್ಸ್ ಬುಲ್ಸ್! ಪ್ಲೀಸ್, ಲೆಟ್ಸ್ ಗೋ."

ಹೊರಟುಬಿಡಬಹುದಿತ್ತು. ಆ ಜನಸಾಗರದಲ್ಲಿ ಒಂದು ಸೀರೆ ಮರೆಯಾಗುವುದಕ್ಕೆ ಎಷ್ಟು ಹೊತ್ತು? ಒಂದು ಹೆಜ್ಜೆ ಹಿಂದಿಟ್ಟದ್ದೂ ಉಂಟು. ಆಗ ಗ್ವಿಲಿಮ್ ಹುಲ್ಲಿನ ಪೆಂಡಿಯ ಮೇಲೆ ಕುಸಿದು ಕುಳಿತ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನೆರಿಸ್ ಸ್ಪಂಜು ಹಿಂಡುತ್ತಲೇ, ತಂದೆಗೆ ಕೇಳಿಸದಂತೆ ಹೇಳಿದಳು:

"ಎರಡು ವರ್ಷದ ಹಿಂದೆ ಕಾಲುಬಾಯಿ ರೋಗ ಹರಡದಿರಲೆಂದು ಸರ್ಕಾರದವರು ಬಂದು ನಮ್ಮ ಹಿಂಡನ್ನೆಲ್ಲ ಕೊಂದರು. ಅಜ್ಜನ ಕಾಲದಿಂದ ಬಂದ ತಳಿ. ಇವನು ಹೊಸ ಹಿಂಡಿನ ಮೊದಲ ಗಂಡು. ಇವನನ್ನು ಈ ಅಂಗಳಕ್ಕೆ ಇಳಿಸಿ ನಾಲ್ಕು ಜನ ತಲೆದೂಗಿದರೆ ದನ ಸಾಕುವುದನ್ನು ಮುಂದುವರಿಸುತ್ತೇನೆ, ಇಲ್ಲವಾದರೆ ಹೊಲ ಮಾರಿಬಿಡೋಣ ಅಂದಿದ್ದಾರೆ ಅಪ್ಪ. ಇವತ್ತೇ ಕೊನೆ ಅಂದಿದ್ದಾರೆ."

ದಾಕ್ಷಾಯಣಿಯವರಿಗೆ ಈಗ ತಿಳಿಯಿತು: ದೂರದರ್ಶನದಲ್ಲಿ ಕಂಡ ಹೊಗೆ ಈ ಮನುಷ್ಯನ ಕೊಟ್ಟಿಗೆಯದು. ಆ ಬೂದಿಯಿಂದ ಎದ್ದುಬಂದ ಒಂದೇ ಒಂದು ಕುಡಿ, ಅದರ ಹಣೆಗೆ ತನ್ನ ಕೈ! ಶಿವನೇ, ನಿನ್ನ ನಂದಿಯನ್ನು ಅಲಂಕರಿಸಲು ಹೋಗಿ ನಿನ್ನ ಭಕ್ತನ ಮನೆ ಕೆಡವಿದೆನಲ್ಲ, ಎಂದು ಒಳಗೇ ಮೊರೆಯಿಟ್ಟರು. ಹಿಂದಿಟ್ಟ ಹೆಜ್ಜೆಯನ್ನು ಮುಂದಿಟ್ಟರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದರು.

ಬುತ್ತಿಯ ಚೀಲ ಹಿಡಿದು ಕರಬಸಪ್ಪನವರು ಆಗಷ್ಟೇ ಬರುತ್ತಿದ್ದರು. "ಏನ್ ಮಾಡಿದಿ ಮಾರಾಯ್ತಿ? ಅದಕ ರಕ್ತ ಯಾಕ ಬಂದೈತಿ? ಸರಿ, ನಾ ನೋಡತೇನಿ."

"ರಕ್ತ ಅಲ್ರೀ, ಅರಿಶಿನ! ಚಿತ್ರಾನ್ನಕ್ಕ ಹಿಂಡಾಕ ಲಿಂಬಿಹಣ್ಣ ಇಟ್ಟಿದ್ದೆ. ತಗೀರಿ ಲಗೂನ!"

ಲಿಂಬೆಯ ಹೋಳುಗಳು ಬಂದವು. ಕಣ್ಣಿಗೆ ಹನಿ ಬೀಳದಂತೆ ಗಂಡ ಹೋರಿಯ ಕಣ್ಣ ಮೇಲೆ ಅಂಗೈ ಮುಚ್ಚಿ ಹಿಡಿದರು. ಹೆಂಡತಿ ಬಟ್ಟೆಯನ್ನು ರಸದಲ್ಲದ್ದಿ ಒರೆಸಿದರು. ಕೆಂಪು ಮೆಲ್ಲನೆ ಮತ್ತೆ ಹಳದಿಗೆ ತಿರುಗಿತು. ಗ್ವಿಲಿಮ್ ಎದ್ದು ಬಂದು ಬಗ್ಗಿ ನೋಡಿದ. ಬರಿಯ ನೀರಿನಲ್ಲಿ ಮತ್ತೆ ಮತ್ತೆ ಒರೆಸಿದಾಗ ಹಳದಿಯೂ ತೆಳುವಾಯಿತು, ಆದರೆ ಹೋಗಲಿಲ್ಲ. ನೆರಿಸ್ ಗಾಳಿಯೂದುವ ಯಂತ್ರದಿಂದ ಹಣೆಯನ್ನು ಒಣಗಿಸಿದಳು. ಒಣಗಿದ ಮೇಲೆ ಕಲೆ ಮತ್ತೂ ಎದ್ದುಕಂಡಿತು.

"ನಾವು ಹಚ್ಚುವ ಬಿಳಿ ಪುಡಿ ಇದೆಯೇನಮ್ಮಾ?" ಎಂದು ಗ್ವಿಲಿಮ್ ಮಗಳನ್ನು ಕೇಳಿದ.

"ಬೆಳಿಗ್ಗೆಯೇ ಕಾಲುಗಳಿಗೆ ಹಚ್ಚಿ ಮುಗಿಸಿದೆ, ಅಪ್ಪ."

ದಾಕ್ಷಾಯಣಿಯವರು ಪತಿಯ ಮುಖ ನೋಡಿದರು. ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ. ಕರಬಸಪ್ಪನವರ ಅಂಗಿಯ ಕಿಸೆಯಲ್ಲಿ ಸದಾ ಒಂದು ವಿಭೂತಿಯ ಗಟ್ಟಿ ಇರುತ್ತಿತ್ತು. ಅವರ ತಾಯಿ ಶಾರದಮ್ಮನವರು ಸಗಣಿಯ ಬೆರಣಿಯನ್ನು ತಾವೇ ಸುಟ್ಟು, ಬೂದಿಯನ್ನು ಸೋಸಿ, ಕೈಯಾರೆ ಕಟ್ಟಿಕೊಟ್ಟದ್ದು. ತಾಯಿ ಲಿಂಗೈಕ್ಯರಾದ ಮೇಲೆ ಉಳಿದದ್ದು ಅದೊಂದೇ. ಸವೆದೀತೆಂದು ಸೋಮವಾರ ಮಾತ್ರ ಒಂದು ಗೆರೆ ಹಚ್ಚಿಕೊಳ್ಳುತ್ತಿದ್ದರು. ಈಗ ಆ ಮಹಾನುಭಾವರು ಹೆಂಡತಿಯ ನೋಟವನ್ನು ಓದಿದರು. ಗಟ್ಟಿಯನ್ನು ಹೊರತೆಗೆದು ಕಣ್ಣಿಗೊತ್ತಿಕೊಂಡು, ಎರಡೂ ಅಂಗೈಗಳ ನಡುವೆ ಪುಡಿಮಾಡಿದರು.

"ಅವ್ವ ಇದ್ದಿದ್ದರ ನನಗಿಂತ ಮೊದಲ ತಾನ ಇದನ್ನ ಪುಡಿ ಮಾಡತಿದ್ದಳು," ಎಂದರು. "ಹಚ್ಚು. ದನದ್ದು ದನಕ್ಕ ಹೋಗಲಿ."

ಹಣೆಯ ತುಂಬ ವಿಭೂತಿ ಹರಡಿತು. ಎಂಥ ಸೋಜಿಗ ನೋಡಿ! ತೆಳುಹಳದಿಯ ಮೇಲೆ ಬೂದುಬಿಳುಪು ಕೂತು, ಆ ತಳಿಯ ಸಹಜವಾದ ಕೆನೆಬಣ್ಣವೇ ಮರಳಿ ಬಂತು. ನೆರಿಸ್ ಬಾಚಣಿಗೆಯಿಂದ ಕೂದಲನ್ನು ಮೇಲಕ್ಕೆ ಬಾಚಿ, "ಅಪ್ಪಾ, ಹೋಗಬಹುದು!" ಎಂದು ಹಗ್ಗ ಹಿಡಿದಳು.

ಇಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ದಾಕ್ಷಾಯಣಿಯವರಿಗೆ ಸುಮ್ಮನಿರಲಾಗಲಿಲ್ಲ. ಮುಚ್ಚಿದ ಕಲೆ ಬೆವರಿಗೆ ಬಿಚ್ಚಿಕೊಂಡರೆ, ಈ ಸಜ್ಜನನೇ ಮೋಸ ಮಾಡಿದನೆಂದು ಜನ ಆಡಿಕೊಂಡಾರು. ಅಂಗಳದ ಬಾಗಿಲಲ್ಲಿ ಗುಂಡು ಟೋಪಿ ಧರಿಸಿ ನಿಂತಿದ್ದ ಮೇಲ್ವಿಚಾರಕರ ಬಳಿಗೆ ನೇರವಾಗಿ ನಡೆದರು. "ಬೇಡಮ್ಮಾ, ಪುಡಿ ಎಲ್ಲರೂ ಹಚ್ಚುತ್ತಾರೆ," ಎಂದು ಗ್ವಿಲಿಮ್ ತಡೆದರೂ ಕೇಳಲಿಲ್ಲ.

"ಸ್ವಾಮೀ, ಆ ಬಿಳಿ ಹೋರಿಯ ಹಣೆಯಲ್ಲಿ ಒಂದು ಕಲೆ ಇದೆ. ಅದು ನಾನು ಮಾಡಿದ್ದು. ನಮ್ಮ ದೇವರ ವಾಹನ ಅಂತ ಅರಿಶಿನ ಹಚ್ಚಿದೆ. ಅದರ ಮೇಲೆ ಇರುವುದು ಬೂದಿ. ತಪ್ಪು ನನ್ನದು, ಅವರದ್ದಲ್ಲ."

ಅವರು ಹುಬ್ಬೇರಿಸಿದರು. "ಹೋರಿಗೆ? ನೀವೇ? ಒಬ್ಬರೇ ಹತ್ತಿರ ಹೋಗಿ?"

"ಹೌದು."

"ಅದು ಸುಮ್ಮನೆ ನಿಂತಿತ್ತೆ?"

"ಕಲ್ಲಿನ ನಂದಿಯ ಹಾಗೆ."

ಅವರು ಒಳಗೆ ಹೋಗಿ ತೀರ್ಪುಗಾರರ ಕಿವಿಯಲ್ಲಿ ಏನೋ ಹೇಳಿದರು. ತೀರ್ಪುಗಾರರು ಹೋರಿಯ ಹಣೆಯನ್ನು ನೋಡಿದರು, ಬೇಲಿಯಾಚೆ ಸೆರಗು ಬಿಗಿದು ನಿಂತಿದ್ದ ಹೆಂಗಸನ್ನು ನೋಡಿದರು, ಭುಜ ಕುಣಿಯುವಂತೆ ನಕ್ಕರು. ಮೇಲ್ವಿಚಾರಕರು ಮರಳಿ ಬಂದು, "ಅವರು ನೋಡುವುದು ಬೆನ್ನು, ಕಾಲು, ನಡಿಗೆ. ಹಣೆಗೆ ಅಂಕವಿಲ್ಲ, ನಿಶ್ಚಿಂತೆಯಿಂದಿರಿ. ಅಪರಿಚಿತರು ಮುಖಕ್ಕೆ ಬಣ್ಣ ಬಳಿದರೂ ಕದಲದ ಹೋರಿ ಅಂದರೆ ಅವರಿಗೆ ಸ್ವಲ್ಪ ಪ್ರೀತಿಯೇ ಹುಟ್ಟಿದೆ," ಎಂದರು.

ದಾಕ್ಷಾಯಣಿಯವರು ತಡೆಹಿಡಿದಿದ್ದ ಉಸಿರನ್ನು ಬಿಟ್ಟರು. ಆ ಉಸಿರು ಹೋರಿಯ ಉಸಿರಿಗಿಂತ ಉದ್ದವಾಗಿತ್ತು. ಹೋರಿಗಳು ಒಂದರ ಹಿಂದೊಂದು ಸುತ್ತು ಬಂದವು. ಕೆನೆಬಣ್ಣದ ಎಳೆಯವನು ರಾಜನಂತೆ ಹೆಜ್ಜೆಯಿಟ್ಟ. ಮೊದಲನೆಯ ಕೆಂಪು ರಿಬ್ಬನ್ನು ಬೇರೊಬ್ಬರಿಗೆ ಹೋಯಿತು, ಎರಡನೆಯ ನೀಲಿಯೂ ಹೋಯಿತು. ಮೂರನೆಯದನ್ನು ಹಿಡಿದು ತೀರ್ಪುಗಾರರು ನೆರಿಸ್‌ಳ ಮುಂದೆ ನಿಂತಾಗ ಗ್ವಿಲಿಮ್ ಬೇಲಿಯ ಕಂಬವನ್ನು ಅಪ್ಪಿಕೊಂಡ. ಮೂರನೆಯ ಬಹುಮಾನದ ರಿಬ್ಬನ್ನು ಆ ನಾಡಿನ ಪದ್ಧತಿಯಂತೆ ಹಳದಿ.

"ನೋಡಮ್ಮಾ," ಎಂದು ಅವನು ಕಣ್ಣೊರೆಸಿಕೊಂಡು ದಾಕ್ಷಾಯಣಿಯವರತ್ತ ತಿರುಗಿದ. "ನೀನು ಹಚ್ಚಿದ ಬಣ್ಣವನ್ನೇ ಅವರೂ ಕೊಟ್ಟರು! ನಮ್ಮಪ್ಪ ಈ ಅಂಗಳದಲ್ಲಿ ಮೂರನೆಯವನಾಗಲು ಹತ್ತು ವರ್ಷ ಕಾದಿದ್ದ. ನೆರಿಸ್, ಕೇಳಿದೆಯಾ? ಹೊಲ ಮಾರುವ ಮಾತನ್ನು ಇನ್ನು ಯಾರಾದರೂ ಎತ್ತಿದರೆ ನೋಡು!"

"ಎತ್ತಿದವರು ನೀವೇ ಅಲ್ವಾ ಅಪ್ಪಾ!" ಎಂದಳು ನೆರಿಸ್.

ದಾಕ್ಷಾಯಣಿಯವರಿಗೆ ಕ್ಷಮೆ ಕೇಳಬೇಕೆನಿಸಿತು. ಸರ್ಜರಿಯಲ್ಲಿ ದಿನವಿಡೀ ಸಾರಿ ಎಂಬ ಮಾತನ್ನು ಹೇಳಿ ಹೇಳಿ ಸವೆಸಿದ್ದರು. ಆ ಸವೆದ ಮಾತು ಇಲ್ಲಿಗೆ ಸಾಲದಾಯಿತು. ಬಾಲಾದಲ್ಲಿ ಕಲಿತದ್ದು ನೆನಪಾಯಿತು. ಎರಡೂ ಕೈ ಜೋಡಿಸಿ ಕೇಳಿದರು: "ಆ ಓಯ್ಸ್ ಹೆದುಖ್?"

ಗ್ವಿಲಿಮ್ ಬೆರಗಾಗಿ ನಿಂತ. ಆಮೇಲೆ ಚಹದ ಕಲೆಯಿದ್ದ ಅಂಗಿಯ ಮೇಲೆ ಕೈಯಿಟ್ಟುಕೊಂಡು, ಕೊಟ್ಟಿಗೆಯೆಲ್ಲ ಕೇಳಿಸುವಂತೆ "ಹೆದುಖ್!" ಎಂದ. ಅಕ್ಕಪಕ್ಕದ ದನಗಾರರೂ ಏನು ಎತ್ತ ತಿಳಿಯದೆಯೇ ದನಿಗೂಡಿಸಿದರು. ಆ ದಿನ ಐದೂ ಮಂದಿ ಹುಲ್ಲಿನ ಪೆಂಡಿಯ ಮೇಲೆ ಕುಳಿತು ಚಿತ್ರಾನ್ನ ಉಂಡರು. ಲಿಂಬೆಹಣ್ಣು ಮಾತ್ರ ಇರಲಿಲ್ಲ. "ಇಟ್ಸ್ ಅ ಬಿಟ್ ಬ್ಲಾಂಡ್, ಅಮ್ಮಾ," ಎಂದು ನಿವೇದಿತಾ ಸಪ್ಪೆ ರುಚಿಯನ್ನು ದೂರಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಕರಬಸಪ್ಪನವರು.

ಮುಂದಿನ ವರ್ಷಗಳಲ್ಲಿ ಸೋಲಿಹಲ್ಲಿನಿಂದ, ಹಡರ್ಸ್‌ಫೀಲ್ಡಿನಿಂದ ಕನ್ನಡದ ಕುಟುಂಬಗಳು ದಾಕ್ಷಾಯಣಿಯವರ ಬೆನ್ನಿಗೆ ಬಿದ್ದು ವೇಲ್ಸಿನ ಹಬ್ಬಗಳನ್ನು ನೋಡಿಬಂದವು. ಹೊರಡುವ ಮುನ್ನ ಅವರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಅರಿಶಿನದ ಬಟ್ಟಲಾ ಕಾರಿನ್ಯಾಗ ಬಿಟ್ಟ ಬರ್ರಿ. ಮೊದಲ ಕೇಳ್ರಿ, ಆಮ್ಯಾಲ ಮುಟ್ರಿ." ಗ್ವಿಲಿಮ್‌ನ ಹೋರಿಗೆ ಮಾತ್ರ ವಿನಾಯಿತಿ. ಪ್ರತಿ ಜುಲೈಯಲ್ಲಿ ತೀರ್ಪು ಮುಗಿದ ಮೇಲೆ ಅವನು ತಾನೇ ಅದನ್ನು ಹಿಡಿದು ತಂದು, "ಈಗ ಹಚ್ಚಮ್ಮಾ, ಕಿವಿಯ ತನಕ ಹಚ್ಚು," ಎನ್ನುತ್ತಿದ್ದ. ಕರಬಸಪ್ಪನವರ ಕಿಸೆ ಖಾಲಿಯಿದ್ದದ್ದನ್ನು ನೆನಪಿಟ್ಟುಕೊಂಡಿದ್ದ ನೆರಿಸ್, ವಿಭೂತಿ ಯಾವುದರಿಂದ ಆಗುತ್ತದೆಂದು ಕೇಳಿ ತಿಳಿದು, ಮರುವರ್ಷ ತಮ್ಮ ಹೊಲದಲ್ಲಿ ಒಣಗಿಸಿದ ಬೆರಣಿಗಳನ್ನು ಚೀಲದಲ್ಲಿ ತುಂಬಿ ಕೊಟ್ಟಳು. ಅವನ್ನು ಸುಟ್ಟು, ಸೋಸಿ, ಗಟ್ಟಿ ಕಟ್ಟಿದವರು ದಾಕ್ಷಾಯಣಿಯವರು. ಅದು ಅತ್ತೆಯವರು ಕಟ್ಟಿದಷ್ಟು ನಯವಾಗಿರಲಿಲ್ಲ. ಆದರೂ ಕರಬಸಪ್ಪನವರು ಅದನ್ನು ಸೋಮವಾರಕ್ಕೆ ಮೀಸಲಿಡದೆ ದಿನವೂ ಧರಿಸಿದರು.

ಬಂಧುಗಳೇ, ನಿಮ್ಮ ಊರಿನ ಹಬ್ಬ ದೂರವಾಗಿದ್ದರೆ ನೆರೆಯವರ ಹಬ್ಬಕ್ಕೆ ಹೋಗಿರಿ. ಅಲ್ಲಿಯೂ ನಿಮ್ಮ ದೇವರು ಬಿಸಿಯುಸಿರು ಬಿಡುತ್ತ ನಿಮಗಾಗಿ ಕಾದು ನಿಂತಿರುತ್ತಾನೆ. ಅಲ್ಲಿ ನಿಮ್ಮ ಕೈಯಿಂದ ತಪ್ಪೊಂದು ಜರುಗಿತೋ, ಸೆರಗು ಮರೆಮಾಡಿಕೊಂಡು ಜನದಲ್ಲಿ ಜಾರಿಹೋಗಬೇಡಿರಿ. ದಾಕ್ಷಾಯಣಿಯವರಂತೆ ಹಿಂದಿಟ್ಟ ಹೆಜ್ಜೆಯನ್ನು ಮುಂದಿಡಿರಿ, ಕಿಸೆಯಲ್ಲಿ ಜೋಪಾನ ಮಾಡಿದ್ದನ್ನು ಪುಡಿಮಾಡಲು ಹಿಂಜರಿಯಬೇಡಿರಿ, ಮತ್ತು ಎದುರಿನವರನ್ನು ಅವರದೇ ಮಾತಿನಲ್ಲಿ ಕೇಳಿರಿ: ಶಾಂತಿ ಇದೆಯೇ?